ಪಾಸ್‌ಬುಕ್ಕಿಗೆ ಬೀಳುವ ಕಾಣದ ಕತ್ತರಿ

ಮೇ ತಿಂಗಳು ಮುಗಿಯುತ್ತಿದ್ದಂತೆ ಪಾಸ್‌ಬುಕ್ ಎಂಟ್ರಿ ಮಾಡಿಸಿದವರ ಹುಬ್ಬು ಮೇಲೇರುವುದು ವರ್ಷವೂ ತಪ್ಪದ ನೋಟ. ಒಂದು ಸಾಲಿನಲ್ಲಿ 436 ರೂಪಾಯಿ, ಇನ್ನೊಂದು ಸಾಲಿನಲ್ಲಿ 20 ರೂಪಾಯಿ. ಪಕ್ಕದಲ್ಲಿ ಅರ್ಥವಾಗದ ನಾಲ್ಕಾರು ಇಂಗ್ಲಿಷ್ ಅಕ್ಷರ. “ನಾನೂ ತೆಗ್ದಿಲ್ಲ, ಮನೆಯಾಗೆ ಯಾರೂ ತೆಗ್ದಿಲ್ಲ. ಮತ್ತೆ ರೊಕ್ಕ ಯಾರು ತಿಂದ್ರು?”

ದಾವಣಗೆರೆ ಮಂಡಿಪೇಟೆಯ ಅಂಗಡಿ ಸಾಲಿನಲ್ಲಿ ಆಗಲಿ, ಹರಿಹರದ ಬಸ್ಸಿನಲ್ಲಿ ಆಗಲಿ, ಇಂಥ ಮಾತಿಗೆ ಹೂಂ ಅನ್ನದವರು ಕಡಿಮೆ. ಆದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನೂರಿನ್ನೂರು ರೂಪಾಯಿಗೋಸ್ಕರ ಅರ್ಧ ದಿನದ ವ್ಯಾಪಾರ ಬಿಟ್ಟು ಬ್ಯಾಂಕಿನ ಸಾಲಿನಲ್ಲಿ ಯಾರು ನಿಲ್ಲುತ್ತಾರೆ? “ಹೋಗ್ಲಿ ಬಿಡು” ಎಂಬ ಈ ಎರಡು ಪದವೇ ತಪ್ಪು ಕಡಿತಕ್ಕೆ ಸಿಕ್ಕಿರುವ ದೊಡ್ಡ ಆಸರೆ. ಒಬ್ಬರಿಗೆ ಅದು ಚಿಲ್ಲರೆ. ಸಾವಿರ ಖಾತೆಗಳಿಂದ ಹೋದರೆ ಅದೇ ದೊಡ್ಡ ಗಂಟು.

ವಿಮೆ ಸರಿ, ಸಹಿ ಎಲ್ಲಿ?

ಮೊದಲು ಆ 436ರ ಗುಟ್ಟು. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ವರ್ಷದ ಕಂತು. 20 ರೂಪಾಯಿ ಸುರಕ್ಷಾ ಅಪಘಾತ ವಿಮೆಯದು. ಎರಡೂ 2015ರಲ್ಲಿ ಶುರುವಾದವು. ಆಗ ಕಂತು 330 ಮತ್ತು 12 ರೂಪಾಯಿ ಇತ್ತು, 2022ರ ಜೂನ್ 1ರಿಂದ ಏರಿತು. ಜೀವ ಹೋದರೆ ವಾರಸುದಾರರಿಗೆ 2 ಲಕ್ಷ. ಯೋಜನೆ ಕೆಟ್ಟದ್ದು ಎಂದು ಯಾರೂ ಹೇಳುತ್ತಿಲ್ಲ. ಬಡವನಿಗೆ ಇಷ್ಟು ಅಗ್ಗದ ವಿಮೆ ಬೇರೆ ಕಡೆ ಸಿಗುವುದೂ ಕಷ್ಟ.

ಪ್ರಶ್ನೆ ಒಪ್ಪಿಗೆಯದು. ಖಾತೆದಾರ ಒಪ್ಪಿಗೆ ಕೊಟ್ಟರೆ ಮಾತ್ರ ಕಂತು ಕಡಿಯಬೇಕು ಎಂಬುದು ಯೋಜನೆಯದೇ ನಿಯಮ. ಖಾತೆ ತೆರೆಯುವಾಗ ಹತ್ತು ಕಡೆ ಸಹಿ ಹಾಕಿಸಿಕೊಂಡ ಕಾಗದಗಳ ನಡುವೆ ಇದೂ ಒಂದಿತ್ತೇ, ಅಥವಾ ಸಹಿಯೇ ಇಲ್ಲದೆ ಹೆಸರು ಸೇರಿತೇ? “ನಮ್ಮ ಒಪ್ಪಿಗೆ ಅರ್ಜಿ ತೋರ್ಸಿ” ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ. ಅರ್ಜಿ ಇಲ್ಲವೆಂದರೆ ಹಣ ವಾಪಸ್ ಕೊಡಿ ಎಂದು ಬರೆದು ಕೊಡಬಹುದು. ಅರ್ಜಿ ಇದ್ದು, ವಿಮೆ ಬೇಡವೆಂದರೂ ಬರೆದು ಕೊಟ್ಟು ಮುಂದಿನ ವರ್ಷದ ಕಂತು ನಿಲ್ಲಿಸಬಹುದು.

ಇದರೊಳಗೆ ಇನ್ನೊಂದು ಸಂಕಟವಿದೆ. ಕಂತು ಕಡಿಯುವುದು ಖಾತೆದಾರನಿಗೇ ಗೊತ್ತಿಲ್ಲದಿದ್ದರೆ, ಆತ ತೀರಿಕೊಂಡ ಮೇಲೆ ಹೆಂಡತಿಗೆ ಗೊತ್ತಾಗುವುದು ಹೇಗೆ? ವರ್ಷಗಟ್ಟಲೆ ದುಡ್ಡು ಹೋಗಿರುತ್ತದೆ, 2 ಲಕ್ಷ ಕೇಳಲು ಯಾರೂ ಹೋಗಿರುವುದಿಲ್ಲ. ಮನೆಯಲ್ಲಿ ಸಾವಾದರೆ ಮೊದಲು ಪಾಸ್‌ಬುಕ್ ತೆಗೆದು ಈ ಎರಡು ಸಾಲು ಇವೆಯೇ ಎಂದು ನೋಡುವುದು ಒಳ್ಳೆಯದು.

ದುಡ್ಡಿಲ್ಲದ್ದಕ್ಕೆ ದಂಡ

ಎರಡನೆಯ ಕತ್ತರಿ ಮಿನಿಮಮ್ ಬ್ಯಾಲೆನ್ಸಿನದು. ಖಾತೆಯಲ್ಲಿ ದುಡ್ಡು ಕಡಿಮೆ ಇದೆ ಎಂದು ಇರುವ ದುಡ್ಡನ್ನೂ ಕಡಿಯುವುದು ಯಾವ ನ್ಯಾಯ ಎಂದು ಜನ ಕೇಳುತ್ತಲೇ ಬಂದಿದ್ದಾರೆ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಬಿಟ್ಟಿತು. ಎಲ್ಲ ಬ್ಯಾಂಕೂ ಬಿಟ್ಟಿಲ್ಲ.

ದಂಡ ಹಾಕುವ ಬ್ಯಾಂಕಿಗೂ ಕಟ್ಟುಪಾಡು ಇದೆ. ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಬಾಕಿ ಕಡಿಮೆಯಾದ ಕೂಡಲೇ ಗಿರಾಕಿಗೆ ತಿಳಿಸಬೇಕು. ಸರಿಮಾಡಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಎಷ್ಟು ಕಡಿಮೆ ಇದೆಯೋ ಆ ಪ್ರಮಾಣಕ್ಕೆ ತಕ್ಕಂತೆ ದಂಡ ಇರಬೇಕೇ ಹೊರತು ಎಲ್ಲರಿಗೂ ಒಂದೇ ಬರೆ ಎಳೆಯುವಂತಿಲ್ಲ. ಈ ದಂಡದಿಂದಲೇ ಖಾತೆ ಮೈನಸ್‌ಗೆ ಇಳಿಯಕೂಡದು. ಮುನ್ಸೂಚನೆ ಬಂದಿಲ್ಲವೇ? ಹಾಗಾದರೆ “ಸೂಚನೆ ಕಳಿಸಿದ್ದು ಯಾವತ್ತು ಸಾರ್?” ಎಂಬ ಪ್ರಶ್ನೆಯೇ ಸಾಕು, ಲೆಡ್ಜರ್ ತೆರೆಯುತ್ತದೆ.

ಬ್ಯಾಲೆನ್ಸ್ ಇಡುವ ಶಕ್ತಿಯೇ ಇಲ್ಲದವರಿಗೆ ಬೇಸಿಕ್ ಉಳಿತಾಯ ಖಾತೆ ಇದೆ. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಎಂಬುದೇ ಇಲ್ಲ. ಬಾಯಿಬಿಟ್ಟು ಕೇಳಿದವರಿಗಷ್ಟೇ ಇದು ಸಿಗುತ್ತದೆ.

ಮಿಷನ್ ನುಂಗಿದ ನೋಟು

ಎಟಿಎಂನಲ್ಲಿ ನೋಟು ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತ. ಅಂಗಡಿಯಲ್ಲಿ ಗಿರಾಕಿ ಸ್ಕ್ಯಾನ್ ಮಾಡಿದ, ಅವನ ದುಡ್ಡು ಹೋಯಿತು, ಅಂಗಡಿಯವನಿಗೆ ಮುಟ್ಟಲಿಲ್ಲ. ಇಬ್ಬರ ನಡುವೆ ಜಗಳ, ಮಧ್ಯೆ ಸಾಮಾನಿನ ಚೀಲ. ಇಬ್ಬರದೂ ತಪ್ಪಿಲ್ಲ.

ಇದಕ್ಕೆ 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಗಡುವು ಹಾಕಿತು. ಎಟಿಎಂ ಹಣ ಐದು ದಿನದೊಳಗೆ ತಾನಾಗಿ ಖಾತೆಗೆ ಮರಳಬೇಕು. ಯುಪಿಐನಲ್ಲಿ ಅಂಗಡಿಗೆ ಮುಟ್ಟದ ಹಣಕ್ಕೂ ಐದೇ ದಿನ. ಒಬ್ಬರಿಂದೊಬ್ಬರಿಗೆ ಕಳಿಸಿದ್ದಾದರೆ ಮರುದಿನ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗಿರಾಕಿ ಕೇಳದೆಯೇ. ಅಸಲು ಬಂದಿತೆಂದು ಸುಮ್ಮನಾಗುವವರು ಈ ನೂರರ ಲೆಕ್ಕವನ್ನೂ ಹಾಕಿ ನೋಡಲಿ.

ಸಂಬಳದವರು ಗಮನಿಸಬೇಕಾದ್ದು ಇನ್ನೊಂದು. ನಮ್ಮಂಥ ಊರುಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂ ತಿಂಗಳಿಗೆ ಐದು ಸಲ ಉಚಿತ, ಸ್ವಂತ ಬ್ಯಾಂಕಿನದೂ ಐದು ಸಲ. ಆಮೇಲೆ ಒಂದು ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದೆಂದು 2025ರ ಮೇ 1ರಿಂದ ಜಾರಿಯಾಯಿತು. ಇದರ ಮೇಲೆ ತೆರಿಗೆ ಬೇರೆ. ಇದಕ್ಕೆ ಜಗಳ ಆಡಿ ಪ್ರಯೋಜನವಿಲ್ಲ, ಎಣಿಕೆ ಇಟ್ಟುಕೊಂಡರೆ ಸಾಕು.

ಕಳ್ಳ ಹೊಕ್ಕ ದಿನ

ಬ್ಯಾಂಕಿನ ಶುಲ್ಕ ಬೇರೆ, ಕಳ್ಳತನ ಬೇರೆ. ಖಾತೆದಾರನಿಗೆ ತಿಳಿಯದಂತೆ ಯಾರೋ ದುಡ್ಡು ಎಳೆದರೆ ಆಗ ಗಡಿಯಾರವೇ ಸಾಕ್ಷಿ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹಾಕಿದ ಲೆಕ್ಕ ಇದು: ಗಿರಾಕಿಯ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಮೂರನೆಯವ ಕನ್ನ ಹಾಕಿದ ಎಂದಾದರೆ, ಸುದ್ದಿ ತಿಳಿದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟವನಿಗೆ ಒಂದು ಪೈಸೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ, ಸಾಮಾನ್ಯ ಉಳಿತಾಯ ಖಾತೆಯವ ಹೆಚ್ಚೆಂದರೆ 10,000 ರೂಪಾಯಿ ಹೊರಬೇಕು. ಬೇಸಿಕ್ ಖಾತೆಗೆ 5,000. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿ ಏನು ನಿಯಮ ಮಾಡಿದೆಯೋ ಅದೇ ಗತಿ. ದೂರು ಬಂದ ಹತ್ತು ಕೆಲಸದ ದಿನದಲ್ಲಿ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನದಲ್ಲಿ ತೀರ್ಮಾನಿಸಬೇಕು. ತಪ್ಪು ಗಿರಾಕಿಯದೆಂದು ರುಜುವಾತು ಮಾಡುವ ಹೊಣೆ ಬ್ಯಾಂಕಿನದೇ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಥದೇ ಆದೇಶ ಹೋಯಿತು.

ಓಟಿಪಿಯನ್ನೋ ಪಿನ್ನನ್ನೋ ತಾನೇ ಹೇಳಿಬಿಟ್ಟವನ ಪಾಡು ಬೇರೆ. ದೂರು ಕೊಡುವವರೆಗಿನ ನಷ್ಟ ಅವನದೇ. ದೂರು ಕೊಟ್ಟ ನಂತರ ಹೋದದ್ದಕ್ಕೆ ಬ್ಯಾಂಕ್ ಹೊಣೆ. ಅಂದರೆ ಮೋಸ ಹೋದವನಿಗೂ ಒಂದೊಂದು ನಿಮಿಷಕ್ಕೆ ಬೆಲೆಯಿದೆ. ನಾಚಿಕೆಯಿಂದ ಎರಡು ದಿನ ಬಾಯಿ ಮುಚ್ಚಿಕೊಂಡರೆ ಕಳ್ಳನಿಗೇ ಲಾಭ.

ಓಟಿಪಿಯೇ ಬೇಡದ ಕಳ್ಳತನವೂ ನಡೆದಿದೆ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಬೆರಳಚ್ಚು ನಕಲು ಮಾಡಿ ಆಧಾರ್ ಮೂಲಕ ಹಣ ಎಳೆದರೆಂಬ ದೂರುಗಳು ಪೊಲೀಸರ ಮುಂದೆ ಸಾಲುಗಟ್ಟಿದವು. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಇದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಬಾಯಿಮಾತು ಸಾಲದು

ಹಣ ಕದ್ದು ಹೋದರೆ ಮೊದಲು ಬ್ಯಾಂಕಿನ ಫೋನಿಗೆ ತಿಳಿಸಿ ಖಾತೆ ಬಂದ್ ಮಾಡಿಸಬೇಕು, ದೂರಿನ ನಂಬರ್ ಬರೆದುಕೊಳ್ಳಬೇಕು. ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಹಣ ಕಳ್ಳನ ಕೈಯಿಂದ ಮುಂದಕ್ಕೆ ದಾಟುವ ಮೊದಲು ತಡೆಯುವ ವ್ಯವಸ್ಥೆ ಅದು.

ಶುಲ್ಕದ ತಕರಾರೇ ಆಗಲಿ, ಕಳ್ಳತನವೇ ಆಗಲಿ, ಶಾಖೆಗೆ ಒಂದು ಕಾಗದ ಬೇಕೇ ಬೇಕು. ಖಾತೆ ನಂಬರು, ತಾರೀಕು, ಮೊತ್ತ, “ಇದಕ್ಕೆ ನನ್ನ ಒಪ್ಪಿಗೆ ಇರಲಿಲ್ಲ” ಎಂಬ ಒಂದು ಸಾಲು. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಕು ಸಹಿತ ಮೊಹರು ಹಾಕಿಸಿಕೊಂಡು ಮನೆಗೆ ತರಬೇಕು. “ಆಯ್ತು, ನೋಡ್ತೀವಿ ಹೋಗಿ” ಎಂಬ ಭರವಸೆಗೆ ಮೊಹರು ಇರುವುದಿಲ್ಲ. ನಾಳೆ ದಿನ ಎಣಿಸುವಾಗ ಲೆಕ್ಕಕ್ಕೆ ಬರುವುದು ಮೊಹರು ಬಿದ್ದ ದಿನವೇ.

ಮೂವತ್ತು ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಾಗಲಿಲ್ಲ ಎಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಫೀಸು ಇಲ್ಲ, ವಕೀಲರು ಬೇಕಿಲ್ಲ. ವಿಚಾರಿಸಲು 14448 ನಂಬರಿದೆ. ಊರಿನ ಪತ್ತಿನ ಸಹಕಾರ ಸಂಘಗಳು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಅವುಗಳ ಮೇಲಿನ ದೂರು ಸಹಕಾರ ಇಲಾಖೆಗೆ.

ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಬ್ಯಾಂಕ್ ಅಧಿಕಾರಿಗಳ ಸಭೆ ಕೂಡುತ್ತದೆ. ಎಷ್ಟು ಸಾಲ ಕೊಟ್ಟಿರಿ, ಎಷ್ಟು ವಿಮೆ ಮಾಡಿಸಿದಿರಿ ಎಂದು ಅಲ್ಲಿ ಅಂಕಿಅಂಶ ಒಪ್ಪಿಸುತ್ತಾರೆ. ಆ ವಿಮೆಗಳಲ್ಲಿ ಎಷ್ಟಕ್ಕೆ ಸಹಿ ಮಾಡಿದ ಅರ್ಜಿ ಕಡತದಲ್ಲಿದೆ, ಬಂದ ತಕರಾರುಗಳಲ್ಲಿ ಎಷ್ಟು ತೀರಿವೆ ಎಂಬ ಎರಡು ಪ್ರಶ್ನೆಯನ್ನೂ ಮುಂದಿನ ಸಭೆಯಲ್ಲಿ ಕೇಳಲಿ. ಉತ್ತರವನ್ನು ಶಾಖೆಯ ನೋಟಿಸ್ ಬೋರ್ಡಿಗೆ, ಕನ್ನಡದಲ್ಲಿ, ಅಂಟಿಸಲಿ.