ಲಾಯದಲ್ಲಿ ಕುದುರೆ ಕಂಗಾಲಾದಾಗ

ಹಗಲೆಲ್ಲ ಸಮಾಧಾನದಿಂದಿರುವ ಕುದುರೆ ಸಂಜೆ ಲಾಯದೊಳಗೆ ಕಟ್ಟಿದೊಡನೆ ಬೇರೆಯೇ ಪ್ರಾಣಿಯಾಗುವುದುಂಟು. ನೆಲ ಕೆರೆಯುತ್ತದೆ, ಮತ್ತೆ ಮತ್ತೆ ಕೆನೆಯುತ್ತದೆ, ಮೈ ಬೆವರುತ್ತದೆ, ಲದ್ದಿ ತೆಳ್ಳಗಾಗುತ್ತದೆ. ಕೆಲವು ಕುದುರೆಗಳು ಬಾಗಿಲ ಬಳಿ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ಗಂಟೆಗಟ್ಟಲೆ ತೂಗುತ್ತವೆ. ಕೆಲವು ಗೋಡೆಯ ಪಕ್ಕದಲ್ಲೇ ಸುತ್ತುತ್ತಿರುತ್ತವೆ. ಇನ್ನು ಕೆಲವು ಗೋದಲಿಯ ಅಂಚನ್ನು ಮುಂಬಲ್ಲಿನಿಂದ ಕಚ್ಚಿ ಹಿಡಿದು ಗಂಟಲಿಗೆ ಗಾಳಿ ಎಳೆದುಕೊಳ್ಳುತ್ತವೆ. ಇದನ್ನು ಕಂಡವರು "ಕೆಟ್ಟ ಚಾಳಿ" ಎಂದು ಹಗ್ಗವನ್ನು ಗಿಡ್ಡ ಮಾಡುತ್ತಾರೆ, ಎರಡೇಟು ಹಾಕುತ್ತಾರೆ, ಕೊನೆಗೆ ಸಂತೆಯಲ್ಲಿ ಬಂದ ಬೆಲೆಗೆ ಮಾರಿಬಿಡುತ್ತಾರೆ. ಟಾಂಗಾ ಹೊಡೆದೋ ಮದುವೆಯ ಮೆರವಣಿಗೆಗೆ ಕುದುರೆ ಕೊಟ್ಟೋ ಸಂಸಾರ ನಡೆಸುವವರಿಗೆ ಇದು ಸಣ್ಣ ನಷ್ಟವಲ್ಲ. ಇಂಥ ಕುದುರೆ ಮೈ ಇಳಿದು, ಹಲ್ಲು ಸವೆದು, ಕೆಲಸಕ್ಕೆ ಬಾರದಂತಾಗುತ್ತದೆ.

ಬೇಸಾಯಶಾಸ್ತ್ರದವರಿಗೆ ಕುದುರೆಯ ಗೊಡವೆ ಏಕೆಂದು ನೀವು ಕೇಳಬಹುದು. ಈ ತೊಂದರೆಯ ದೊಡ್ಡ ಪಾಲು ಮೇವಿಗೆ ಸಂಬಂಧಿಸಿದ್ದರಿಂದಲೇ ಈ ಲೇಖನ.

ಮೊದಲು ಒಂದು ಎಚ್ಚರಿಕೆ. ಕುದುರೆ ನೆಲ ಕೆರೆಯುವುದರ ಜೊತೆಗೆ ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತಿದ್ದರೆ, ಬಿದ್ದು ಹೊರಳಾಡುತ್ತಿದ್ದರೆ, ಮೇವು ಮುಟ್ಟದೆ ಲದ್ದಿ ಹಾಕದೆ ಇದ್ದರೆ ಅದು ಹೊಟ್ಟೆಶೂಲೆ. ಆಗ ಈ ಲೇಖನವನ್ನು ಬದಿಗಿಟ್ಟು ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಎತ್ತು ಹೊಟ್ಟೆ ತುಂಬ ಮೇದು, ಮಲಗಿ, ರಾತ್ರಿಯೆಲ್ಲ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ. ಅದರ ಜಠರವೂ ಚಿಕ್ಕದು; ದೊಡ್ಡ ಕುದುರೆಯಲ್ಲಿ ಕೂಡ 8ರಿಂದ 15 ಲೀಟರಿನಷ್ಟು ಮಾತ್ರ ಹಿಡಿಯುತ್ತದೆ. ಬಯಲಿನಲ್ಲಿ ಬಿಟ್ಟ ಕುದುರೆ ದಿನದ 24 ಗಂಟೆಗಳಲ್ಲಿ 14ರಿಂದ 16 ಗಂಟೆ ಮೇಯುತ್ತಲೇ ಇರುತ್ತದೆ. ಅದಕ್ಕೆ ತಕ್ಕಂತೆ ಜಠರದಲ್ಲಿ ಆಮ್ಲವೂ ಎಡೆಬಿಡದೆ ಸ್ರವಿಸುತ್ತಿರುತ್ತದೆ. ಆಮ್ಲದ ಉರಿಯನ್ನು ತಗ್ಗಿಸುವ ಜೊಲ್ಲು ಮಾತ್ರ ಅಗಿಯುವಾಗಲಷ್ಟೇ ಬರುತ್ತದೆ. ಸಂಜೆ ಆರಕ್ಕೆ ಒಂದು ಹೊರೆ ಹುಲ್ಲು, ಒಂದು ಪಾತ್ರೆ ಹುರುಳಿ ಕೊಟ್ಟು ಬೆಳಗಿನವರೆಗೆ ಬಾಗಿಲು ಹಾಕಿದರೆ ಏನಾದೀತು? ಕೆಲವೇ ಗಂಟೆಗಳಲ್ಲಿ ಗೋದಲಿ ಬರಿದು, ಜಠರವೂ ಬರಿದು. ಖಾಲಿ ಜಠರದಲ್ಲಿ ಆಮ್ಲ ನಿಂತು ಹುಣ್ಣಾಗಲು ಇದೊಂದು ಮುಖ್ಯ ಕಾರಣ. ಮರ ಕಚ್ಚುವ ಕುದುರೆಗಳಲ್ಲಿ ಎಷ್ಟೋ ಹೊಟ್ಟೆಯ ಉರಿಯಿಂದ ನರಳುತ್ತಿರುತ್ತವೆ.

ಆದ್ದರಿಂದ ಮೊದಲ ಚಿಕಿತ್ಸೆ ಗೋದಲಿಯಲ್ಲಿದೆ. ಕುದುರೆಯ ತೂಕದ ಶೇಕಡ 1.5ರಿಂದ 2ರಷ್ಟು ಒಣ ಪದಾರ್ಥ ಹುಲ್ಲಿನ ರೂಪದಲ್ಲೇ ಅದಕ್ಕೆ ಸಿಗಬೇಕು. 300 ಕಿ.ಗ್ರಾಂ. ತೂಗುವ ಕುದುರೆಗೆ ಇದು ದಿನಕ್ಕೆ 5ರಿಂದ 6.5 ಕಿ.ಗ್ರಾಂ. ಒಣಹುಲ್ಲಾಗುತ್ತದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ರಾತ್ರಿಗೆ ಮೀಸಲಿಡಿ. ಸಣ್ಣ ಕಣ್ಣಿನ ಹಗ್ಗದ ಬಲೆಯಲ್ಲಿ ತುಂಬಿ, ಕಾಲು ಸಿಕ್ಕದಷ್ಟು ಎತ್ತರದಲ್ಲಿ ಎರಡು ಕಡೆ ತೂಗುಹಾಕಿದರೆ ಕುದುರೆ ಎಳೆ ಎಳೆಯಾಗಿ ಕಿತ್ತು ತಿನ್ನಬೇಕಾಗುತ್ತದೆ. ಅಷ್ಟೇ ಹುಲ್ಲು ಹೆಚ್ಚು ಹೊತ್ತು ಬರುತ್ತದೆ. ದಾಣಿಯನ್ನು ಹುಲ್ಲು ತಿಂದ ಮೇಲೆ ಕೊಡಿ. ಇಷ್ಟು ತೂಕದ ಕುದುರೆಗೆ ಒಂದು ಸಲಕ್ಕೆ ಒಂದು ಕಿಲೋ ದಾಣಿ ಮೀರುವುದು ಬೇಡ. ಹುರುಳಿಯನ್ನು ನೆನೆಸಿಯೋ ಬೇಯಿಸಿಯೋ ಕೊಡಬೇಕು. ಕೆಲಸವಿಲ್ಲದ ದಿನ ಅದನ್ನು ಕಡಿಮೆ ಮಾಡಿ. ಕೆಲಸವಿಲ್ಲದೆ ದಾಣಿ ಮಾತ್ರ ತಿಂದ ಕುದುರೆ ಲಾಯದಲ್ಲಿ ಸುಮ್ಮನೆ ನಿಲ್ಲುವುದು ಕಷ್ಟ. ಯಾವ ಬದಲಾವಣೆಯನ್ನಾದರೂ 7ರಿಂದ 10 ದಿನಗಳಲ್ಲಿ ಮೆಲ್ಲಗೆ ಮಾಡಬೇಕು. ನೀರು ಯಾವಾಗಲೂ ಎದುರಿಗಿರಲಿ.

ಯಾವ ಹುಲ್ಲು? ದನಕ್ಕೆ ಒಗ್ಗುವುದೆಲ್ಲ ಕುದುರೆಗೆ ಒಗ್ಗುವುದಿಲ್ಲ. ಬದುವಿನ ಗರಿಕೆ ಹುಲ್ಲು ಬಹಳ ಒಳ್ಳೆಯದು. ನೀರಾವರಿ ಇದ್ದವರು ರೋಡ್ಸ್ ಹುಲ್ಲನ್ನು, ಹಿಂಗಾರಿನಲ್ಲಿ ಓಟ್ಸ್ ಮೇವನ್ನು ಬೆಳೆದು, ಹೂಬಿಡುವ ಹೊತ್ತಿಗೆ ಕೊಯ್ದು ಒಣಗಿಸಿ ಇಟ್ಟುಕೊಳ್ಳಬಹುದು. ಬೂಷ್ಟು ಹಿಡಿದ ಹುಲ್ಲನ್ನು ಎಸೆದುಬಿಡಿ. ಹೈಬ್ರಿಡ್ ನೇಪಿಯರ್ ಮತ್ತು ಗಿನಿ ಹುಲ್ಲುಗಳಲ್ಲಿ ಆಕ್ಸಲೇಟ್ ಅಂಶ ಹೆಚ್ಚು. ಅದು ಸುಣ್ಣದ ಅಂಶವನ್ನು ಕಟ್ಟಿಹಾಕುವುದರಿಂದ ಅದನ್ನೇ ಬಹುಕಾಲ ತಿಂದ ಕುದುರೆಯ ಮೂಳೆ ಮೆತ್ತಗಾಗಿ, ಮುಖದ ಮೂಳೆ ಊದಿ, ಕುಂಟು ಬರುತ್ತದೆ. ಬೇರೆ ಮೇವಿಲ್ಲದಿದ್ದರೆ ಲೂಸರ್ನನ್ನು, ಅಂದರೆ ನಮ್ಮ ಕುದುರೆ ಮಸಾಲೆ ಸೊಪ್ಪನ್ನು ಜೊತೆಗೆ ಬೆರೆಸಿ. ಅದರಲ್ಲಿ ಸುಣ್ಣದ ಅಂಶ ಹೇರಳವಾಗಿದೆ, ಜಠರದ ಆಮ್ಲವನ್ನೂ ಅದು ತಕ್ಕಮಟ್ಟಿಗೆ ತಗ್ಗಿಸುತ್ತದೆ. ಹಸಿ ಜೋಳದ ಮೇವು, ಸುಡಾನ್ ಹುಲ್ಲು ಬೇಡವೇ ಬೇಡ. ಇವುಗಳಿಂದ ಕುದುರೆಯ ಹಿಂಗಾಲುಗಳ ಹಿಡಿತ ತಪ್ಪುತ್ತದೆ, ಮೂತ್ರಕೋಶ ಕೆಡುತ್ತದೆ. ದನ ಮತ್ತು ಕೋಳಿಯ ಸಿದ್ಧ ಆಹಾರವನ್ನೂ ಹತ್ತಿರ ತರಬೇಡಿ. ಕೆಲವದರಲ್ಲಿ ಸೇರಿಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಯ ಪ್ರಾಣ ತೆಗೆಯುತ್ತದೆ.

ಹೊಟ್ಟೆ ತುಂಬಿಯೂ ಕಂಗಾಲಾಗುವ ಕುದುರೆಗೆ ಬೇಕಾದದ್ದು ಜೊತೆ. ಉತ್ತರ ಕರ್ನಾಟಕದ ಕುರಿಗಾಹಿಗಳ ಕುದುರೆಯನ್ನು ನೋಡಿ. ಬಿಡಾರದ ಸಾಮಾನು, ಎಳೆಯ ಮರಿಗಳನ್ನು ಹೊತ್ತು ಹಿಂಡಿನ ಜೊತೆ ಊರೂರು ನಡೆದು, ರಾತ್ರಿ ಬಯಲಲ್ಲೇ ಕುರಿಗಳ ನಡುವೆ ನಿಲ್ಲುತ್ತದೆ. ಅದನ್ನು ಕೊಂಡು ತಂದು ನಾಲ್ಕು ಗೋಡೆಗಳ ನಡುವೆ ಒಂಟಿಯಾಗಿ ಕಟ್ಟಿದರೆ ಅದು ಕೂಗದೆ ಏನು ಮಾಡೀತು? ಗುಂಪಿನಿಂದ ಬೇರೆಯಾದ ಕುದುರೆ ಹುಲಿಯ ಬಾಯಿಗೆ ಎಂಬುದು ಅದರ ರಕ್ತದಲ್ಲೇ ಇದೆ. ಬಾಗಿಲ ಮೇಲ್ಭಾಗ ತೆರೆದಿರಲಿ, ಎದುರಿನ ಗೋಡೆಗೊಂದು ಕಿಟಕಿ ಇಡಿ. ಎರಡು ಕುದುರೆಗಳಿದ್ದರೆ ನಡುವಿನ ಗೋಡೆಯ ಮೇಲರ್ಧಕ್ಕೆ ಸರಳು ಹಾಕಿಸಿ, ಒಂದನ್ನೊಂದು ನೋಡಲಿ, ಮೂಸಲಿ. ಇನ್ನೊಂದು ಕುದುರೆ ಇಲ್ಲದಿದ್ದರೆ ಆಡೋ ಕುರಿಯೋ ಪಕ್ಕದಲ್ಲಿದ್ದರೂ ಹಲವು ಕುದುರೆಗಳು ಸಮಾಧಾನ ಪಡೆಯುತ್ತವೆ. ಲಾಯದಲ್ಲಿ ಕನ್ನಡಿ ಇಟ್ಟಾಗ ತಲೆ ತೂಗುವುದು ಬಹಳ ಕಡಿಮೆಯಾಯಿತೆಂದು ಇಂಗ್ಲೆಂಡಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ್ದಾರೆ. ತನ್ನ ನೆರಳನ್ನೇ ಜೊತೆಗಾರನೆಂದುಕೊಂಡಿತೋ ಏನೋ! ಕನ್ನಡಿ ಹಾಕುವುದಾದರೆ ಒಡೆಯದಂಥದ್ದನ್ನೇ ಹಾಕಿ.

ಹೊಸ ಕುದುರೆಗೆ ಲಾಯವನ್ನು ರೂಢಿ ಮಾಡಿಸಲು ಒಂದು ವಾರ ಬೇಕು ಎಂದುಕೊಳ್ಳಿ. ಹಗಲಿನಲ್ಲಿ, ಬಾಗಿಲು ತೆರೆದಿಟ್ಟು, ಒಳಗೆ ಹುಲ್ಲಿಟ್ಟು ಕರೆದೊಯ್ಯಿರಿ. ಐದು ನಿಮಿಷ ಇದ್ದು, ಅದು ಶಾಂತವಾಗಿರುವಾಗಲೇ ಹೊರಗೆ ತನ್ನಿ. ಮರುದಿನ ಹತ್ತು ನಿಮಿಷ. ನೀವು ಸ್ವಲ್ಪ ಮರೆಯಾಗಿ, ಅದು ಕೆನೆಯುವ ಮೊದಲೇ ಹಿಂದಿರುಗಿ. ಅವಸರ ಮಾಡಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕುತ್ತಿಗೆಯ ಕೂದಲು ಮುಗಿಯುವ, ಹೆಗಲ ಮೇಲಿನ ಉಬ್ಬಿನ ಜಾಗವನ್ನು ಬೆರಳಿನಿಂದ ಕೆರೆದು ಕೊಡಿ. ಕುದುರೆಗಳು ಒಂದಕ್ಕೊಂದು ಕಚ್ಚಿ ಕೆರೆದುಕೊಳ್ಳುವ ಜಾಗವದು. ಅಲ್ಲಿ ಕೆರೆದಾಗ ಹೃದಯದ ಬಡಿತ ಇಳಿಯುತ್ತದೆಂದು ಫ್ರಾನ್ಸಿನ ಕಮಾರ್ಗ್ ಕುದುರೆಗಳಲ್ಲಿ ಅಳೆದು ನೋಡಿ 1993ರಲ್ಲಿ ವರದಿ ಮಾಡಲಾಗಿದೆ. ಇದಕ್ಕೆ ಕಾಸು ಖರ್ಚಿಲ್ಲ. ದಿನಕ್ಕೆ ಕೆಲವು ಗಂಟೆಯಾದರೂ ಬಯಲಿಗೆ ಬಿಡುವುದು ಇದೆಲ್ಲಕ್ಕಿಂತ ಮೇಲು.

ವರ್ಷಗಟ್ಟಲೆ ಮರ ಕಚ್ಚಿದ ಕುದುರೆ ಇಷ್ಟೆಲ್ಲ ಮಾಡಿದರೂ ಪೂರ್ತಿ ಬಿಡದೆ ಇರಬಹುದು. ಗಂಟಲಿಗೆ ಪಟ್ಟಿ ಬಿಗಿದು ತಡೆಯುವವರಿದ್ದಾರೆ. ಅದು ಕಚ್ಚುವುದನ್ನು ನಿಲ್ಲಿಸೀತು, ಕಾರಣವನ್ನಲ್ಲ. ಹುಲ್ಲನ್ನು ಹೆಚ್ಚಿಸಿ, ವರ್ಷಕ್ಕೊಮ್ಮೆ ವೈದ್ಯರಿಂದ ಹಲ್ಲು ತೋರಿಸಿ, ಅದನ್ನು ಹಾಗೆಯೇ ಇಟ್ಟುಕೊಳ್ಳಬಹುದು. ನೋಡಿದ ಕುದುರೆಗಳೂ ಕಲಿಯುತ್ತವೆ ಎಂಬ ಭಯದಿಂದ ಅದನ್ನು ದೂರದ ಮೂಲೆಯಲ್ಲಿ ಒಂಟಿಯಾಗಿ ಕಟ್ಟುವ ರೂಢಿಯಿದೆ. ಈ ನಂಬಿಕೆಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಅದನ್ನು ಉಳಿದವುಗಳ ಜೊತೆಯಲ್ಲೇ ಕಟ್ಟಿ.