ಪೆನ್ಸಿಲಿನ ಮೊನೆ ಮತ್ತು ಕಂಪ್ಯೂಟರಿನ ಲೆಕ್ಕ

ಒಂಬತ್ತನೇ ತರಗತಿಯಲ್ಲಿ ಒಮ್ಮೆ ತ್ರಿಭುಜದ ಪರಿಕೇಂದ್ರ ಗುರುತಿಸುವ ರಚನೆ ಮಾಡಿಸುತ್ತಿದ್ದೆ. ಮೂರು ಬಾಹುಗಳ ಲಂಬಾರ್ಧಕಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ ಎಂದು ಬೋರ್ಡಿನ ಮೇಲೆ ಬರೆದಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ನನ್ನ ಮೂರು ಗೆರೆ ಒಂದೇ ಕಡೆ ಸೇರ್ತಾ ಇಲ್ಲ. ಮಧ್ಯೆ ಸಣ್ಣ ತ್ರಿಕೋನ ಆಗ್ತಿದೆ" ಎಂದ. "ಪೆನ್ಸಿಲ್ ಚೂಪು ಮಾಡ್ಕೊಂಡು ಸರಿಯಾಗಿ ಎಳಿಯೋ" ಎಂದು ಗದರಿ ಕೂರಿಸಿದೆ. ಅವನು ಚೂಪು ಮಾಡಿ ಮತ್ತೆ ಎಳೆದ. ತ್ರಿಕೋನ ಚಿಕ್ಕದಾಯಿತೇ ಹೊರತು ಮಾಯವಾಗಲಿಲ್ಲ. ನಾನು ಅರ್ಧ ಅಂಕ ಕಳೆದೆ.

ಅವನು ಕೇಳಿದ್ದು ಎಂಥ ಒಳ್ಳೆಯ ಪ್ರಶ್ನೆ ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಕಂಪ್ಯೂಟರ್ ಜ್ಯಾಮಿತಿಯ ಬಗ್ಗೆ ಓದುವಾಗ. ಕಂಪ್ಯೂಟರಿನ ಪೆನ್ಸಿಲಿಗೂ ಮೊನೆಯ ದಪ್ಪ ಇದೆ! ದಶಮಾಂಶ ಸಂಖ್ಯೆಗಳನ್ನು ಅದು ಸಾಮಾನ್ಯವಾಗಿ ಸುಮಾರು 16 ಅಂಕಿಗಳವರೆಗೆ ಮಾತ್ರ ಹಿಡಿದಿಡುತ್ತದೆ, ಉಳಿದದ್ದನ್ನು ಕತ್ತರಿಸುತ್ತದೆ. ಪೈಥಾನ್ ಭಾಷೆಯಲ್ಲಿ 0.1 + 0.2 ಎಂದು ಕೊಟ್ಟರೆ ಬರುವ ಉತ್ತರ 0.30000000000000004.

ಎಡವೋ, ಬಲವೋ?

ಇಷ್ಟು ಚಿಕ್ಕ ದೋಷದಿಂದ ಏನಾದೀತು ಎನ್ನಬಹುದು. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. P(1,1), Q(4,3) ಬಿಂದುಗಳನ್ನು ಗುರುತಿಸಿ. Pಯಿಂದ Qಗೆ ನಡೆಯುವವನಿಗೆ ಮೂರನೆಯ ಬಿಂದು R(7,6) ಎಡಕ್ಕಿದೆಯೋ, ಬಲಕ್ಕೋ? Pಯಿಂದ Qಗೆ ಅಡ್ಡ 3, ಎತ್ತರ 2. Pಯಿಂದ Rಗೆ ಅಡ್ಡ 6, ಎತ್ತರ 5. ಓರೆಯಾಗಿ ಗುಣಿಸಿ ಕಳೆಯಿರಿ: 3×5 – 2×6 = 3. ಉತ್ತರ ಧನವಾದರೆ ಎಡ. R(7,4) ಆದರೆ 3×3 – 2×6 = –3; ಅಂದರೆ ಬಲ. R(7,5) ಆದರೆ ಸೊನ್ನೆ. ಮೂರೂ ಒಂದೇ ಗೆರೆಯ ಮೇಲಿವೆ. ಇದು ತ್ರಿಭುಜದ ವಿಸ್ತೀರ್ಣದ ಎರಡರಷ್ಟೇ ಹೊರತು ಬೇರೇನಲ್ಲ.

ಇಲ್ಲಿ ಬೇಕಾದದ್ದು ಉತ್ತರದ ಚಿಹ್ನೆ ಮಾತ್ರ. ಆದರೆ ನಿಜವಾದ ಉತ್ತರ ಸೊನ್ನೆಯ ಹತ್ತಿರವಿದ್ದಾಗ, ಹದಿನೇಳನೆಯ ಅಂಕಿಯ ದೋಷವೂ ಎಡವನ್ನು ಬಲ ಮಾಡಿಬಿಡುತ್ತದೆ. ಹಲಗೆಗೆ ಮೊಳೆಗಳನ್ನು ಹೊಡೆದು ಸುತ್ತ ರಬ್ಬರ್ ಬ್ಯಾಂಡ್ ಹಾಕಿದಂತೆ, ಬಿಂದುಗಳ ಹೊರ ಅಂಚನ್ನು ಕಂಡುಹಿಡಿಯುವ ಲೆಕ್ಕವೊಂದಿದೆ. ಇಂಥ ತಪ್ಪು ಚಿಹ್ನೆಯಿಂದ ಆ ಲೆಕ್ಕ ಹೇಗೆ ಕೆಡುತ್ತದೆ ಎಂಬುದನ್ನು ಜರ್ಮನಿಯ ಕೂರ್ಟ್ ಮೆಲ್‌ಹಾರ್ನ್ ಮತ್ತು ಸಂಗಡಿಗರು 2004ರಲ್ಲಿ ಉದಾಹರಣೆಗಳೊಂದಿಗೆ ತೋರಿಸಿದರು. ಕೆಲವೊಮ್ಮೆ ಕಣ್ಣಿಗೆ ಕಾಣುವಷ್ಟು ದೂರದ ಮೊಳೆಯೇ ಬ್ಯಾಂಡಿನ ಹೊರಗೆ ಉಳಿಯುತ್ತದೆ. ಕೆಲವೊಮ್ಮೆ ಪ್ರೋಗ್ರಾಮು ಕೊನೆಯೇ ಇಲ್ಲದೆ ಸುತ್ತುತ್ತದೆ.

ಎಂಟು ಸಂಸ್ಥೆಗಳ ಸಹಕಾರ

ಪ್ರತಿಯೊಬ್ಬ ಪ್ರೋಗ್ರಾಮರನೂ ಇದನ್ನೆಲ್ಲ ಮೊದಲಿನಿಂದ ಬರೆಯುತ್ತ ಕೂತರೆ ಪ್ರತಿಯೊಬ್ಬನೂ ಅದೇ ಗುಂಡಿಗೆ ಬೀಳುತ್ತಾನೆ. ಆದ್ದರಿಂದ 1996ರಲ್ಲಿ ಯುರೋಪ್ ಮತ್ತು ಇಸ್ರೇಲಿನ ಎಂಟು ಸಂಸ್ಥೆಗಳು ಸೇರಿ ಸಿಜಿಎಎಲ್ ಎಂಬ ಜ್ಯಾಮಿತಿ ಲೈಬ್ರರಿ ಕಟ್ಟತೊಡಗಿದವು. ನೆದರ್‌ಲ್ಯಾಂಡಿನ ಉಟ್ರೆಕ್ಟ್, ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್, ಇಸ್ರೇಲಿನ ಟೆಲ್ ಅವೀವ್‌ಗಳ ವಿಶ್ವವಿದ್ಯಾಲಯಗಳು, ಫ್ರಾನ್ಸಿನ ಇನ್ರಿಯಾ ಅವುಗಳಲ್ಲಿ ಕೆಲವು. ಇಲ್ಲಿ ಲೈಬ್ರರಿ ಎಂದರೆ ಪುಸ್ತಕಾಲಯವಲ್ಲ. ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಸೇರಿಸಿಕೊಳ್ಳಬಹುದಾದ ಸಿದ್ಧ ಲೆಕ್ಕಗಳ ಉಗ್ರಾಣ.

ಇದರ ಜಾಣತನ ಇಷ್ಟು: ಮೊದಲು ವೇಗವಾದ ಅಂದಾಜು ಲೆಕ್ಕ ಮಾಡಿ, ಅದರಲ್ಲಿ ಗರಿಷ್ಠ ಎಷ್ಟು ದೋಷವಿರಬಹುದು ಎಂದು ನೋಡುತ್ತದೆ. ಉತ್ತರ ಆ ದೋಷಕ್ಕಿಂತ ದೊಡ್ಡದಾದರೆ ಚಿಹ್ನೆ ಖಚಿತ, ಮುಂದೆ ಸಾಗುತ್ತದೆ. ಸಂಶಯವಿದ್ದರೆ ಮಾತ್ರ ಒಂದಂಕಿಯನ್ನೂ ಬಿಡದೆ ನಿಖರವಾಗಿ ಮತ್ತೆ ಲೆಕ್ಕ ಹಾಕುತ್ತದೆ. ತರಕಾರಿ ಅಂಗಡಿಯವನು ದೊಡ್ಡ ಕುಂಬಳಕಾಯಿ ಯಾವುದೆಂದು ಕಣ್ಣಳತೆಯಲ್ಲೇ ಹೇಳುತ್ತಾನೆ. ಎರಡೂ ಸಮ ಕಂಡಾಗಷ್ಟೇ ತಕ್ಕಡಿ ಎತ್ತುತ್ತಾನಲ್ಲವೇ?

ಸಮೀಕ್ಷೆಯಲ್ಲಿ ಅಳೆದ ಎತ್ತರದ ಬಿಂದುಗಳಿಂದ ನೆಲದ ಏರಿಳಿತ ರೂಪಿಸಲು ಬಿಂದುಗಳನ್ನು ತ್ರಿಭುಜಗಳಾಗಿ ಜೋಡಿಸುವ ಒಂದು ವಿಧಾನವಿದೆ. ರಷ್ಯದ ಗಣಿತಜ್ಞ ಡೆಲೋನೆ 1934ರಲ್ಲಿ ವಿವರಿಸಿದ ಅದರ ನಿಯಮ: ಯಾವ ತ್ರಿಭುಜದ ಪರಿವೃತ್ತದ ಒಳಗೂ ಬೇರೆ ಬಿಂದು ಇರಬಾರದು. ನಾವು ಕೈವಾರ ಹಿಡಿದು ಎಳೆಯುವ ಅದೇ ಪರಿವೃತ್ತ! ನಕ್ಷೆ, ಯಂತ್ರಭಾಗಗಳ ವಿನ್ಯಾಸ, ವೈದ್ಯಕೀಯ ಚಿತ್ರಗಳ ಕೆಲಸಕ್ಕೂ ಈ ಲೈಬ್ರರಿ ಬಳಕೆಯಾಗುತ್ತದೆ.

2003ರಲ್ಲಿ ಸಿಜಿಎಎಲ್ ಮುಕ್ತ ತಂತ್ರಾಂಶವಾಯಿತು. ಯಾರು ಬೇಕಾದರೂ ಅದರ ಒಳಗನ್ನು ಓದಬಹುದು, ತಿದ್ದಬಹುದು, ಹೊಸ ಭಾಗ ಬರೆದುಕೊಡಬಹುದು. ಆದರೆ ಬರೆದುಕೊಟ್ಟದ್ದೆಲ್ಲ ಸೇರುವುದಿಲ್ಲ. ಸಂಪಾದಕ ಮಂಡಳಿ ಪರಿಶೀಲಿಸಬೇಕು. ಬಳಸುವ ಬಗೆಯ ವಿವರಣೆಯನ್ನೂ ಪರೀಕ್ಷೆಗಳನ್ನೂ ಜೊತೆಗೆ ಕೊಡಬೇಕು. ಮುಕ್ತ ಎಂದರೆ ಶಿಸ್ತಿಲ್ಲದ್ದು ಎಂದಲ್ಲ. ಬಹುಪಾಲು ಭಾಗಗಳಿಗೆ ಒಂದು ಷರತ್ತೂ ಇದೆ: ಅವುಗಳನ್ನು ಸೇರಿಸಿದ ತಂತ್ರಾಂಶವನ್ನು ಹಂಚುವವರು ತಮ್ಮ ಬರಹವನ್ನೂ ತೆರೆದಿಡಬೇಕು. ಹಾಗೆ ಮಾಡಲೊಪ್ಪದ ಕಂಪನಿಗಳು ಹಣ ಕೊಟ್ಟು ಪರವಾನಗಿ ಪಡೆಯಬೇಕು.

ಮನೆಯಲ್ಲಿ ಮಾಡಿ ನೋಡಿ

ವಿದ್ಯಾರ್ಥಿಗಳೇ, ಇದಕ್ಕೆ ದುಬಾರಿ ಕೋಚಿಂಗ್ ಬೇಡ. ಮೇಲಿನ ಎಡ-ಬಲ ಲೆಕ್ಕವನ್ನು ಮೊದಲು ಕೈಯಲ್ಲಿ, ಆಮೇಲೆ ಪೈಥಾನ್‌ನಲ್ಲಿ ಮಾಡಿ. ಅದೂ ಉಚಿತವೇ. ನಂತರ P(0,0), Q(1,1), R(0.3, 0.1 + 0.2) ಕೊಟ್ಟು ನೋಡಿ. ಸೊನ್ನೆ ಬರಬೇಕಾದಲ್ಲಿ ಬೇರೇನೋ ಬರುತ್ತದೆ. 0.1ನ್ನು 1/10 ಎಂಬ ಭಿನ್ನರಾಶಿಯಾಗಿಯೇ ಇಟ್ಟುಕೊಂಡು ಕೈಯಲ್ಲಿ ಮಾಡಿದರೆ ಸೊನ್ನೆಯೇ. ಏಕೆಂದು ಯೋಚಿಸಿ.

ಪಾಲಕರಲ್ಲಿ ಒಂದು ಮಾತು. ಮಗು "ಉತ್ತರ ಸರಿ ಬರ್ತಿಲ್ಲ" ಎಂದಾಗ ಕೂಡಲೇ ಗದರಬೇಡಿ, "ಎಷ್ಟು ತಪ್ಪಿದೆ, ಎಲ್ಲಿಂದ ಬಂತು?" ಎಂದು ಕೇಳಿ. ಆ ಸಣ್ಣ ತ್ರಿಕೋನ ಹುಡುಗನ ಅಜಾಗರೂಕತೆಯಲ್ಲ. ಪ್ರಮೇಯದ ಗೆರೆಗೆ ದಪ್ಪವಿಲ್ಲ, ಪೆನ್ಸಿಲಿನ ಗೆರೆಗೆ ಇದೆ ಎಂಬ ಸತ್ಯದ ಗುರುತು. ಈಗ ರಚನೆಯ ಪಾಠ ಮಾಡುವಾಗ ಆ ತ್ರಿಕೋನವನ್ನು ನಾನೇ ಬೋರ್ಡಿನ ಮೇಲೆ ತೋರಿಸುತ್ತೇನೆ. ಅಂದು ಕಳೆದ ಅರ್ಧ ಅಂಕವನ್ನು ಆ ಹುಡುಗನಿಗೆ ಹಿಂದಿರುಗಿಸಲು ಮಾತ್ರ ಆಗಿಲ್ಲ.