ಡ್ರೆಸ್ಡನ್‌ನಿಂದ ಟ್ಯೂರಿನ್‌ಗೆ: ರಾಜಕುಮಾರಿ ಎಲಿಸಬೆತ್

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ರಾಜಮನೆತನದ ಮದುವೆ ಎಂದರೆ ಎರಡು ರಾಜ್ಯಗಳ ನಡುವಿನ ಸಂಬಂಧ. ಅದರಲ್ಲಿ ಹೆಣ್ಣಿನ ಇಚ್ಛೆಗೆ ಎಷ್ಟು ಬೆಲೆಯಿತ್ತು? ಜರ್ಮನಿಯ ಸ್ಯಾಕ್ಸನಿ ರಾಜಕುಮಾರಿ ಎಲಿಸಬೆತ್ ಅವರ ಬದುಕನ್ನು ನೋಡೋಣ.

ಎಲಿಸಬೆತ್ 1830ರಲ್ಲಿ ಡ್ರೆಸ್ಡನ್‌ನಲ್ಲಿ ಜನಿಸಿದರು. ತಂದೆ ಯೋಹಾನ್ ಮುಂದೆ ಸ್ಯಾಕ್ಸನಿಯ ದೊರೆಯಾದವರು. ಇಟಲಿಯ ಮಹಾಕವಿ ಡಾಂಟೆಯ 'ಡಿವೈನ್ ಕಾಮಿಡಿ'ಯನ್ನು ಜರ್ಮನ್ ಭಾಷೆಗೆ ಅನುವಾದಿಸಿದ ವಿದ್ವಾಂಸರು. ಮಗಳು 1850ರಲ್ಲಿ ಇಟಲಿಯ ಸೊಸೆಯೇ ಆದರು. ಪತಿ ಜಿನೋವಾದ ಡ್ಯೂಕ್ ಫರ್ಡಿನಾಂಡೊ, ಸಾರ್ಡಿನಿಯದ ದೊರೆ ಎರಡನೆಯ ವಿಕ್ಟರ್ ಇಮ್ಯಾನ್ಯುಯೆಲ್‌ನ ತಮ್ಮ. ಮಾರ್ಗರೀಟಾ ಮತ್ತು ತೊಮ್ಮಾಸೊ ಇವರ ಮಕ್ಕಳು.

1855ರಲ್ಲಿ ಪತಿ ತೀರಿಕೊಂಡಾಗ ಎಲಿಸಬೆತ್ ಅವರಿಗೆ ಇಪ್ಪತ್ತೈದೇ ವರ್ಷ. ಮರುವರ್ಷ ಅವರು ತಮ್ಮ ಪರಿವಾರದ ನಿಕೊಲೊ ರಪಾಲೊ ಅವರನ್ನು ಗುಟ್ಟಾಗಿ ಮದುವೆಯಾದರು. ರಾಜವಂಶಕ್ಕೆ ಸೇರದವನೊಡನೆ, ಅದೂ ಅನುಮತಿ ಕೇಳದೆ! ದೊರೆ ಕೆರಳಿ ಅವರನ್ನು ಆಸ್ಥಾನದಿಂದ ದೂರ ಕಳುಹಿಸಿದ. ಕೆಲಕಾಲದ ನಂತರವಷ್ಟೇ ಆ ಕೋಪ ತಣಿಯಿತು.

1868ರಲ್ಲಿ ಮಾರ್ಗರೀಟಾಳ ವಿವಾಹ ದೊಡ್ಡಪ್ಪನ ಮಗ ಉಂಬರ್ಟೊನೊಡನೆ ನಡೆಯಿತು. ಅದೇ ವರ್ಷದ ಕ್ರಾಂತಿಯಿಂದ ಸ್ಪೇನಿನ ಸಿಂಹಾಸನ ತೆರವಾಯಿತು. ಅದಕ್ಕೆ ಬಾಲಕ ತೊಮ್ಮಾಸೊನ ಹೆಸರು ಕೇಳಿಬಂದಾಗ ತಾಯಿ ಒಪ್ಪಲಿಲ್ಲ. ಆ ಕಿರೀಟ 1870ರಲ್ಲಿ ಉಂಬರ್ಟೊನ ತಮ್ಮ ಅಮೆಡಿಯೊನ ಪಾಲಾಯಿತು. 1873ರಲ್ಲಿ ಆತ ಅದನ್ನು ತ್ಯಜಿಸಬೇಕಾಯಿತು. ತಾಯಿಯ ಅಂಜಿಕೆ ಸುಳ್ಳಾಗಲಿಲ್ಲ.

1878ರಲ್ಲಿ ಮಾರ್ಗರೀಟಾ ಇಟಲಿಯ ರಾಣಿಯಾದಳು. ಎಲಿಸಬೆತ್ 1912ರಲ್ಲಿ, ಮಜ್ಜೋರೆ ಸರೋವರದ ದಡದ ಸ್ಟ್ರೇಸಾದಲ್ಲಿ ಕೊನೆಯುಸಿರೆಳೆದರು. ಮೊದಲ ಮದುವೆ ರಾಜಮನೆತನಗಳಿಗೆ ಒಪ್ಪಿಗೆಯಾದದ್ದು. ಎರಡನೆಯದು ಅವರೇ ಆರಿಸಿಕೊಂಡದ್ದು. ಆ ಆಯ್ಕೆಗೆ ಅವರು ಬೆಲೆ ತೆತ್ತರು.